ಮನೆಯಲ್ಲಿ ಪೂಲ್ ಪಾರ್ಟಿ ಮಾಡಿಸುವವರು ಮೊದಲು ಇದನ್ನು ಓದಿ, ಆಮೇಲೆ ಅಡ್ವಾನ್ಸ್ ಹಾಕಿ

ಎರಡು ವಾರ ಆಯ್ತು. ಬರೆಯಬೇಕೋ ಬೇಡವೋ ಎಂದು ಯೋಚಿಸುವುದರಲ್ಲೇ ಎರಡು ವಾರ ಹೋಯಿತು. ನಾಚಿಕೆ. ಇಷ್ಟು ಓದಿದವರು, ನೀವು ಹೀಗೆ ಮೋಸ ಹೋದಿರಾ ಎಂದು ಕೇಳುತ್ತಾರಲ್ಲ, ಆ ನಾಚಿಕೆ. ಆದರೆ ನಿನ್ನೆ ಒಂದು ಫೋಟೊ ಕಣ್ಣಿಗೆ ಬಿತ್ತು. ಅದನ್ನು ನೋಡಿದ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಆ ಫೋಟೊ ವಿಷಯ ಕೊನೆಗೆ ಹೇಳುತ್ತೇನೆ.

ಮನೆಗೆ ಪೂಲ್ ತಂದು ಜೋಡಿಸಿ ಪಾರ್ಟಿ ಮಾಡಿಕೊಡುತ್ತೇವೆ ಎನ್ನುವವರಿಂದ ನಾವು ಮೋಸ ಹೋದೆವು. ಅವರ ಹೆಸರು ಹಾಕುವುದಿಲ್ಲ. ದೂರು ಕೊಟ್ಟಿದ್ದೇವೆ, ಅದು ಅದರ ದಾರಿಯಲ್ಲಿ ಹೋಗಲಿ. ಆದರೆ ಇವರು ಕೆಲಸ ಮಾಡುವ ರೀತಿ ನಿಮಗೆ ಗೊತ್ತಿರಲೇಬೇಕು. ಮಂಗಳೂರಿನಿಂದ ಕುಂದಾಪುರದವರೆಗೆ ಎಲ್ಲಿ ಬೇಕಾದರೂ ಬರುತ್ತೇವೆ ಎಂದು ಹೇಳಿಕೊಳ್ಳುವವರು.

ನಮ್ಮ ಮನೆ ಉಡುಪಿ ಬಳಿಯ ಕಟಪಾಡಿ ಹತ್ತಿರ. ಮಗಳ ಎಸ್‌ಎಸ್‌ಎಲ್‌ಸಿ ಮುಗಿದಿತ್ತು, ಒಳ್ಳೆಯ ಮಾರ್ಕೂ ಬಂದಿತ್ತು. ರಜೆಗೆ ಬೊಂಬಾಯಿಯಿಂದ ಮೈದುನನ ಮಕ್ಕಳು, ಬ್ರಹ್ಮಾವರದಿಂದ ಅಕ್ಕನ ಮಕ್ಕಳು, ಮಗಳ ಕ್ಲಾಸಿನವರು ಎಲ್ಲ ಸೇರಿ ಇಪ್ಪತ್ತೆರಡು ಮಂದಿ. ಮಲ್ಪೆಗೆ ಕರೆದುಕೊಂಡು ಹೋಗಬಹುದಿತ್ತು. ಮೇ ತಿಂಗಳ ಸಮುದ್ರಕ್ಕೆ ಇಷ್ಟು ಮಕ್ಕಳನ್ನು ಇಳಿಸಲು ನನಗೆ ಧೈರ್ಯ ಇಲ್ಲ. ಹಾಗಾಗಿ ಮನೆಯ ಅಂಗಳದಲ್ಲೇ ಸಂಜೆ ಪೂಲ್ ಪಾರ್ಟಿ ಮಾಡೋಣ ಎಂದು ನಾನೇ ಮಗಳಿಗೆ ಮಾತು ಕೊಟ್ಟೆ. ನಾನೇ.

ಫೋನ್ ಮಾಡಿದಾಗ ಎಷ್ಟು ಚಂದ ಮಾತಾಡಿದರು ಎಂದರೆ! "ಅಕ್ಕಾ, ನೀವು ಎಂತದೂ ತಲೆಬಿಸಿ ಮಾಡ್ಬೇಡಿ. ಅಂಗಳ ಮಾತ್ರ ಖಾಲಿ ಇಡಿ. ಮತ್ತೆಲ್ಲ ನಮ್ಮದು." 15 ಅಡಿ ಅಗಲ, 4 ಅಡಿ ಎತ್ತರದ ಫ್ರೇಮ್ ಪೂಲ್, ಅಂದರೆ ಕಾಲುಗಳಿರುವ ಚೌಕಟ್ಟು ಜೋಡಿಸಿ ನೆಲದ ಮೇಲೆ ನಿಲ್ಲಿಸುವ ಪೂಲ್. ಫಿಲ್ಟರ್, ಪಂಪ್. ನೀರಿನೊಳಗೆ ಬಣ್ಣದ ಲೈಟ್. ತೇಲುವ ದೀಪ, ಸ್ಪೀಕರ್, ಬಲೂನು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಲೈಫ್‌ಗಾರ್ಡ್. ನೀರಿನ ಟ್ಯಾಂಕರ್ ಕೂಡ ಅವರದೇ. ಎಲ್ಲ ಸೇರಿ 38,000 ರೂಪಾಯಿ. ಬೆಳಿಗ್ಗೆ 10 ಗಂಟೆಗೆ ಬಂದು ಜೋಡಿಸಿ, ನೀರು ತುಂಬಿಸಿ, ಮೂರು ಗಂಟೆಗೆ ರೆಡಿ ಮಾಡಿ ಕೊಡುವುದು. ಮಕ್ಕಳು ಬರುವುದು ಆರಕ್ಕೆ. 20,000 ಅಡ್ವಾನ್ಸ್. ಅದೇ ರಾತ್ರಿ ಜಿಪೇ ಮಾಡಿದೆ.

ದುಡ್ಡು ಹೋಗುವವರೆಗೆ ನಾನು "ಅಕ್ಕಾ". ಹೋದ ಮರುದಿನದಿಂದ "ಮೇಡಂ". ಅದು ಆಗ ಗಮನಕ್ಕೆ ಬರಲಿಲ್ಲ, ಈಗ ಚಾಟ್ ತೆಗೆದು ಓದುವಾಗ ಕಾಣುತ್ತಿದೆ. ಇನ್ನೊಂದು ಸಹ ಈಗಲೇ ಕಾಣುತ್ತಿರುವುದು. ಅವರು ಕಳಿಸಿದ ಹನ್ನೊಂದು ಫೋಟೊಗಳಲ್ಲಿ ಒಂದರಲ್ಲೂ ತೆಂಗಿನ ಮರ ಇಲ್ಲ. ಮಂಗಳೂರು ಹಂಚಿನ ಮಾಡು ಇಲ್ಲ, ಕೆಂಪು ಕಲ್ಲಿನ ಪಾಗಾರ ಇಲ್ಲ. ನಮ್ಮ ಊರಿನ ಅಂಗಳಗಳೇ ಅಲ್ಲ ಅವು. ಎಲ್ಲಿಂದಲೋ ಎತ್ತಿದ ಫೋಟೊಗಳು. ಹನ್ನೊಂದು ಫೋಟೊ ನೋಡಿದೆ, ನೀರಿನ ಬಣ್ಣ ಮಾತ್ರ ನೋಡಿದೆ.

ಆ ಶನಿವಾರ ಬೆಳಿಗ್ಗೆ 10 ಆಯಿತು, 11 ಆಯಿತು. ಫೋನ್ ಮಾಡಿದರೆ "ಹೊರಟಿದ್ದೇವೆ ಮೇಡಂ". 12 ಗಂಟೆಗೆ "ಪಡುಬಿದ್ರಿ ಹತ್ತಿರ ಇದ್ದೇವೆ". ಒಂದೂವರೆಗೆ ಮತ್ತೆ "ಪಡುಬಿದ್ರಿ". ಪಡುಬಿದ್ರಿಯಿಂದ ನಮ್ಮಲ್ಲಿಗೆ ಹೈವೇಯಲ್ಲಿ ಎಷ್ಟು ಹೊತ್ತು ಬೇಕು, ನಿಮಗೆಲ್ಲ ಗೊತ್ತಲ್ಲ? ಅರ್ಧ ಗಂಟೆ. ಮೂರು ಗಂಟೆಗೆ ಫೋನ್ ಎತ್ತಲೇ ಇಲ್ಲ. ಗೂಡ್ಸ್ ಗಾಡಿ ಗೇಟಿಗೆ ಬಂದು ನಿಂತದ್ದು 4:15ಕ್ಕೆ.

ಇಳಿಸಿದ್ದು 10 ಅಡಿಯ ಪೂಲ್. ಎತ್ತರ ಎರಡೂವರೆ ಅಡಿ. ಬದಿಯಲ್ಲಿ ಎರಡು ಕಡೆ ತೇಪೆ, ಸೈಕಲ್ ಟ್ಯೂಬಿಗೆ ಹಾಕುತ್ತಾರಲ್ಲ ಆ ತರ. ನಾನು ಕೇಳಿದೆ, ಇದು 15 ಅಡಿಯಾ?

"ಅಳತೆ ಎಲ್ಲ ಅಂದಾಜು ಅಲ್ವಾ ಮೇಡಂ. ದೊಡ್ಡದು ಬೇರೆ ಪಾರ್ಟಿಗೆ ಹೋಗಿದೆ. ಮಕ್ಕಳಿಗೆ ಇದೇ ಸೇಫ್."

ಅಂದಾಜು! 15 ಅಡಿಯದಕ್ಕೆ ಹದಿನೇಳು ಸಾವಿರ ಲೀಟರಿನಷ್ಟು ನೀರು ಬೇಕು. ಇದಕ್ಕೆ ನಾಲ್ಕೂವರೆ ಸಾವಿರ ಸಾಕು. ಅವರು ಮೊದಲೇ 5,000 ಲೀಟರಿನ ಒಂದೇ ಟ್ಯಾಂಕರ್‌ಗೆ ಹೇಳಿಟ್ಟಿದ್ದರು. ಅಂದರೆ ದೊಡ್ಡದು ತರುವ ಯೋಚನೆ ಮೊದಲಿನಿಂದಲೂ ಇರಲಿಲ್ಲ. ಬೇರೆ ಪಾರ್ಟಿಗೆ ಹೋದದ್ದೂ ಸುಳ್ಳು.

ಅದನ್ನು ಜೋಡಿಸಿದ್ದು ಎಲ್ಲಿ? ಗೇಟಿನ ಕಡೆ ಇಳಿಜಾರಿನಲ್ಲಿ. ಮಳೆನೀರು ಹೊರಗೆ ಹೋಗಲಿ ಎಂದು ನಮ್ಮ ಕಡೆ ಎಲ್ಲರ ಅಂಗಳವೂ ಸ್ವಲ್ಪ ಇಳಿಜಾರು ಇರುತ್ತದೆ. ಇಂಟರ್‌ಲಾಕ್ ಹಾಕುವಾಗಲೇ ಹಾಗೆ ಮಾಡಿಸುತ್ತೇವೆ. ಮೊದಲೇ ಬಂದು ನೋಡಿದ್ದರೆ ಸಮತಟ್ಟು ಜಾಗ ಹುಡುಕಬಹುದಿತ್ತು. ನೋಡಲು ಬರಲೇ ಇಲ್ಲ. ಒಂದು ಸಾವಿರ ಲೀಟರ್ ನೀರು ಅಂದರೆ ಒಂದು ಟನ್. ನಾಲ್ಕೂವರೆ ಟನ್ ಭಾರ ಒಂದೇ ಕಡೆ ವಾಲಿ ನಿಲ್ಲುತ್ತದೆ. ನೀರು ತುಂಬಿದ ಮೇಲೆ ಗೇಟಿನ ಕಡೆ ಅಂಚಿನವರೆಗೆ ಬಂದಿತ್ತು, ಮನೆಯ ಕಡೆ ನಾಲ್ಕು ಬೆರಳು ಕೆಳಗಿತ್ತು. ಗೇಟಿನ ಕಡೆಯ ಪೂಲಿನ ಕಾಲುಗಳು ಹೊರಗೆ ಬಾಗಿದ್ದವು. ಅಡಿಗೆ ಎರಡು ಹಲಗೆ ತುಂಡು ಕೊಟ್ಟು "ಈಗ ಸರಿ ಆಯ್ತು" ಎಂದರು.

ಈಗ ನನಗೆ ಇಂದಿಗೂ ನಿದ್ದೆ ಕೆಡಿಸುವ ಭಾಗ. ನೀರು ತುಂಬಿಸುವ ಮೊದಲು ನಡೆದದ್ದು ಇದು. ಟ್ಯಾಂಕರ್ ಬಂದು ನಿಂತಿತ್ತು. ಪೈಪ್ ಪೂಲಿನೊಳಗೆ ಇಟ್ಟಾಗಿತ್ತು. ಗಂಟೆ 5:20. ಅಕ್ಕನ ಕಾರು ಗೇಟಿನೊಳಗೆ ಬರುತ್ತಿದೆ. ಮಕ್ಕಳು ಟವೆಲ್ ಹೆಗಲಿಗೆ ಹಾಕಿಕೊಂಡು ಇಳಿಯುತ್ತಿದ್ದಾರೆ. ಅದೇ ಹೊತ್ತಿಗೆ ಆ ಮನುಷ್ಯ ನನ್ನ ಮುಂದೆ ಮೊಬೈಲ್ ಹಿಡಿದ. "ಮೇಡಂ, ಬ್ಯಾಲೆನ್ಸ್ 18,000. ಹಾಕಿದ್ರೆ ನೀರು ಬಿಡ್ತೇವೆ."

ಪಾರ್ಟಿ ಮುಗಿದ ಮೇಲೆ ಕೊಡುವುದು ಎಂದಿತ್ತು ಅಲ್ವಾ ಎಂದೆ.

"ಎಲ್ಲ ಕಡೆ ಹೀಗೇ ಮೇಡಂ. ಬೇಡದಿದ್ರೆ ಹೇಳಿ, ಈಗ್ಲೇ ಬಿಚ್ಚಿ ತಕೊಂಡು ಹೋಗ್ತೇವೆ."

ಜೋರಾಗಿ ಹೇಳಿದ. ಅಕ್ಕನಿಗೆ, ಭಾವನಿಗೆ, ಮಕ್ಕಳಿಗೆ ಎಲ್ಲರಿಗೂ ಕೇಳಿಸುವ ಹಾಗೆ. ಮಗಳು ಸಿಟೌಟಿನಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಬಿಚ್ಚಿಕೊಂಡು ಹೋಗಿ ಎನ್ನಬೇಕಿತ್ತು ನಾನು. ಆ ಒಂದು ಮಾತು ಬಾಯಿಗೆ ಬರಲಿಲ್ಲ. ಬಂದವರ ಮುಂದೆ ಮರ್ಯಾದೆ ಹೋಗಬಾರದು ಎಂದು ಪಿನ್ ಒತ್ತಿ 18,000 ಕಳಿಸಿದೆ. ಕೈ ನಡುಗಿ ಮೊದಲ ಸಲ ಪಿನ್ ತಪ್ಪಾಯಿತು. ಅವನು ನಗುತ್ತಾ "ನಿಧಾನ ಮೇಡಂ" ಎಂದ.

ಆಗ ಅರ್ಥವಾಯಿತು. ತಡವಾಗಿ ಬಂದದ್ದು ತಪ್ಪಿ ಅಲ್ಲ, ಬೇಕೆಂದೇ. ಅದೇ ಅವರ ಲೆಕ್ಕ. ಬೆಳಿಗ್ಗೆ ಬಂದಿದ್ದರೆ ನಾವು ಪೂಲ್ ನೋಡಿ ಬೇಡ ಎನ್ನುತ್ತಿದ್ದೆವು, ಅಡ್ವಾನ್ಸ್ ವಾಪಸ್ ಕೇಳುತ್ತಿದ್ದೆವು. ಜನ ಬಂದ ಮೇಲೆ ನಾವು ಬಾಯಿ ಬಿಡುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಪಡುಬಿದ್ರಿಯಲ್ಲಿ ಅವರು ಎಲ್ಲೋ ಗಾಡಿ ನಿಲ್ಲಿಸಿಕೊಂಡು ಕೂತಿದ್ದರು, ಅಷ್ಟೆ.

ನೀರು ಬಿಟ್ಟರು. ತುಂಬುವಾಗ ನೋಡಲು ಚೆನ್ನಾಗಿಯೇ ಇತ್ತು. ಆಮೇಲೆ ಒಬ್ಬ ಹುಡುಗ ಪ್ಲಾಸ್ಟಿಕ್ ಚೀಲದಿಂದ ಬ್ಲೀಚಿಂಗ್ ಪೌಡರನ್ನು ಸ್ನಾನದ ಚೊಂಬಿನಲ್ಲಿ ತೆಗೆದು ಎಸೆದ. ಒಂದು ಚೊಂಬು, ಎರಡು ಚೊಂಬು, ಮೂರು. ಅಳತೆ ಇಲ್ಲ, ನೀರು ಪರೀಕ್ಷೆ ಮಾಡುವ ಕಾಗದದ ಪಟ್ಟಿ ಇಲ್ಲ. ಈಜುವ ನೀರಿನಲ್ಲಿ ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂ ಇದ್ದರೆ ಸಾಕು. ಕಾಲು ಗಂಟೆಯಲ್ಲಿ ನೀರು ಹಳದಿಯಾಯಿತು. ಆಮೇಲೆ ಕಂದು. ನಾನು ಕೈ ಹಾಕಿ ನೋಡಿದೆ. ಮೊಣಕೈವರೆಗೆ ಮುಳುಗಿಸಿದರೆ ಬೆರಳು ಕಾಣುತ್ತಿರಲಿಲ್ಲ. ಕೊತ್ತಂಬರಿ ಜೀರಿಗೆ ಕಷಾಯದ ಬಣ್ಣ. ಕೈ ತೆಗೆದರೆ ಉಗುರಿನ ಸಂದಿಯಲ್ಲಿ ಕೆಂಪು ಹುಡಿ.

ಕಬ್ಬಿಣದ ಅಂಶ ಇರುವ ಬೋರ್‌ವೆಲ್ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದರೆ ಹಾಗೇ ಆಗುತ್ತದೆ. ನೀರಿನಲ್ಲಿ ಕರಗಿದ್ದ ಕಬ್ಬಿಣ ತುಕ್ಕಾಗಿ ಹೊರಗೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಎಷ್ಟೋ ಕಡೆ ಈ ತೊಂದರೆ ಉಂಟು. ಮೊದಲೇ ತುಂಬಿಸಿ, ರಾತ್ರಿಯಿಡೀ ಫಿಲ್ಟರ್ ಓಡಿಸಿ, ತಳಕ್ಕೆ ಕೂತದ್ದನ್ನು ತೆಗೆಯಬೇಕು. ಅವರ ಫಿಲ್ಟರ್ ಎಲ್ಲಿ? ಪಂಪ್ ಇತ್ತು, ಒಳಗಿನ ಕಾಗದದ ಫಿಲ್ಟರೇ ಇರಲಿಲ್ಲ.

"ಎಂತ ಇದು ಬಣ್ಣ?" ಎಂದು ಕೇಳಿದೆ. ಅವನ ಉತ್ತರ ನೋಡಿ.

"ಲೈಟ್ ಹಾಕಿದ್ರೆ ಗೊತ್ತಾಗುದಿಲ್ಲ ಮೇಡಂ."

ಲೈಟ್ ಹಾಕಿದರೆ ಗೊತ್ತಾಗುವುದಿಲ್ಲ! ಮಕ್ಕಳು ಇಳಿಯುವ ನೀರು. ಬಾಯಿಗೆ ಹೋಗುತ್ತದೆ, ಕಣ್ಣಿಗೆ ಹೋಗುತ್ತದೆ. ಅದು ಅವನಿಗೆ ಬಣ್ಣದ ವಿಷಯ ಮಾತ್ರ.

ಏಳು ಗಂಟೆ ಹೊತ್ತಿಗೆ ಕತ್ತಲಾಗುತ್ತಾ ಬಂತು, ಲೈಟ್ ಹಾಕಿದರು. ನಿಜ, ಚಂದ ಕಂಡಿತು. ನೀಲಿ, ಹಸಿರು. ಮಕ್ಕಳು "ಹೋ" ಎಂದು ಕೂಗಿದರು. ಮೈದುನನ ಚಿಕ್ಕವನು ಒಂಬತ್ತು ವರ್ಷದವನು, ಯಾರು ಹೇಳುವುದಕ್ಕೂ ಮೊದಲೇ ಒಂದು ಕಾಲು ಒಳಗೆ ಇಟ್ಟಾಗಿತ್ತು. ಭಾವ ಓಡಿ ಬಂದು ಅವನ ರಟ್ಟೆ ಹಿಡಿದು ಎತ್ತಿಯೇಬಿಟ್ಟರು. ಏನಾಯಿತು ಎಂದೇ ನಮಗೆ ತಿಳಿಯಲಿಲ್ಲ. ಭಾವ ಮೆಸ್ಕಾಂನಲ್ಲಿ ಲೈನ್‌ಮ್ಯಾನ್ ಆಗಿ ರಿಟೈರ್ ಆದವರು. ಸೀದಾ ಪಂಪ್ ಶೆಡ್ಡಿಗೆ ಹೋಗಿ ಪ್ಲಗ್ ಕಿತ್ತರು.

ನೀರಿನೊಳಗೆ ಹಾಕಿದ ಲೈಟಿಗೆ ನೇರ 230 ವೋಲ್ಟ್ ಕೊಟ್ಟಿದ್ದರು. ಎರಡು ಪಿನ್ನಿನ ವೈರ್, ಅರ್ಥಿಂಗ್ ಇಲ್ಲ. ನಡುವೆ ಒಂದು ಜಾಯಿಂಟ್, ಅದಕ್ಕೆ ಬರೀ ಕಪ್ಪು ಟೇಪು. ಆ ಜಾಯಿಂಟ್ ಒದ್ದೆ ಇಂಟರ್‌ಲಾಕಿನ ಮೇಲೆ, ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗದಲ್ಲಿ ಬಿದ್ದಿತ್ತು. ಮನೆಯ ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಉಂಟು, ಕರೆಂಟ್ 30 ಮಿಲಿ ಆಂಪಿಯರ್ ಸೋರಿದರೆ ಕಟ್ ಆಗಬೇಕು. ಆದರೆ ಇವರು ತೆಗೆದದ್ದು ಪಂಪ್ ಶೆಡ್ಡಿನ ಹಳೇ ಲೈನಿನಿಂದ. ಆ ಲೈನಿಗೆ ಅದಿಲ್ಲ. ನೀರಿನೊಳಗಿನ ದೀಪ 12 ವೋಲ್ಟಿನದೇ ಇರಬೇಕು, ಟ್ರಾನ್ಸ್‌ಫಾರ್ಮರ್ ನೀರಿನಿಂದ ದೂರ ಇರಬೇಕು ಎಂದು ಭಾವ ಅವರಿಗೆ ಕೂಗಿ ಹೇಳಿದರು. ಭಾವನಿಗೆ ಅಷ್ಟು ಸಿಟ್ಟು ಬಂದದ್ದು ನಾನು ನೋಡಿಯೇ ಇಲ್ಲ.

"ಇಷ್ಟು ಪಾರ್ಟಿ ಮಾಡಿದ್ದೇವೆ ಅಣ್ಣಾ, ಯಾರಿಗೂ ಎಂತ ಆಗ್ಲಿಲ್ಲ."

ದುಡ್ಡು ಹೋದರೆ ಹೋಗಲಿ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಈ ಒಂದು ಮಾತನ್ನು ಮಾತ್ರ ಮರೆಯಲು ಆಗುತ್ತಿಲ್ಲ. ಯಾರಿಗೂ ಎಂತ ಆಗ್ಲಿಲ್ಲ ಅಂತೆ. ಆ ಹುಡುಗನ ಒಂದು ಕಾಲು ನೀರಿನಲ್ಲಿತ್ತು.

ಲೈಫ್‌ಗಾರ್ಡ್ ಎಂದು ತಂದಿದ್ದವನು ಸ್ಪೀಕರ್ ಹಾಕುವ ಹುಡುಗನೇ. ಆಗ ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಈಜು ಬರುತ್ತದಾ ಎಂದು ನಮ್ಮವರು ಕೇಳಿದರೆ ಉತ್ತರವೇ ಇಲ್ಲ.

ಆಮೇಲೆ ಪಾರ್ಟಿ ಎಂತ ಪಾರ್ಟಿ. ಯಾರನ್ನೂ ನೀರಿಗೆ ಬಿಡಲಿಲ್ಲ. ಮಕ್ಕಳು ಈಜುವ ಬಟ್ಟೆಯಲ್ಲೇ ಚಾವಡಿಯಲ್ಲಿ ಕೂತು ಗೋಳಿಬಜೆ, ಚಿಕನ್ ಸುಕ್ಕ, ನೀರುದೋಸೆ ತಿಂದರು. ಪುನರ್ಪುಳಿ ಶರಬತ್ತು ಎರಡು ದೊಡ್ಡ ಪಾತ್ರೆ ಹಾಗೇ ಉಳಿಯಿತು. ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಅವಳ ಗೆಳತಿಯರ ಅಪ್ಪ ಅಮ್ಮಂದಿರು ಬೇಗ ಬಂದು ಕರೆದುಕೊಂಡು ಹೋದರು. ಒಬ್ಬರು ಸಹ ಒಂದು ಮಾತು ಆಡಲಿಲ್ಲ. ಅದೇ ಹೆಚ್ಚು ನೋವಾಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ರಾತ್ರಿ ಹತ್ತಕ್ಕೆ ಪೂಲ್ ಖಾಲಿ ಮಾಡುವಾಗ ಆ ಬ್ಲೀಚಿಂಗ್ ನೀರನ್ನು ಪೈಪ್ ಎಳೆದು ಪಾಗಾರದ ಆಚೆ ಬಿಟ್ಟರು. ಆಚೆ ಇರುವುದು ಪಕ್ಕದ ಮನೆಯ ಅಕ್ಕನ ಮಲ್ಲಿಗೆ ಗಿಡಗಳು. ಕಟಪಾಡಿ, ಶಂಕರಪುರ ಕಡೆಯವರಿಗೆ ಮಲ್ಲಿಗೆ ಎಂದರೆ ಏನು ಎಂದು ನಾನು ಹೇಳಬೇಕಾಗಿಲ್ಲ. ದಿನಾ ಬೆಳಿಗ್ಗೆ ಮೊಗ್ಗು ಕೊಯ್ದು, ಕಟ್ಟಿ, ಚೆಂಡು ಲೆಕ್ಕದಲ್ಲಿ ಕೊಟ್ಟು ಮನೆ ನಡೆಸುವವರು ಅವರು. ನಾಲ್ಕೇ ದಿನದಲ್ಲಿ ಆರು ಗಿಡಗಳ ಎಲೆ ಸುಟ್ಟ ಹಾಗಾಯಿತು. ನಾನು ಹೋಗಿ ಕೈ ಮುಗಿದೆ. "ನೀನೆಂತ ಮಾಡ್ತಿ ಮಾರಾಯ್ತಿ" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು. ಗಿಡದ ದುಡ್ಡು ನಾವು ಕೊಟ್ಟಿದ್ದೇವೆ.

ಮರುದಿನ ವಾಟ್ಸಾಪ್‌ನಲ್ಲಿ ಎಲ್ಲ ಬರೆದು, ಫೋಟೊ ಹಾಕಿ, ಅರ್ಧ ದುಡ್ಡಾದರೂ ವಾಪಸ್ ಕೊಡಿ ಎಂದು ಕೇಳಿದೆ. ನೀಲಿ ಗೆರೆ ಬಂತು, ಉತ್ತರ ಇಲ್ಲ. ಮೂರನೇ ದಿನ ಒಂದು ಸಾಲು ಬಂತು. "ಸರ್ವಿಸ್ ಕೊಟ್ಟಾಗಿದೆ. ಊಟ ಮಾಡಿದ್ರಿ, ಪಾರ್ಟಿ ಆಯ್ತು. ಇನ್ನೆಂತ?" ಅಕ್ಕ ಇಲ್ಲ, ಮೇಡಂ ಸಹ ಇಲ್ಲ. ನಾನು ಮತ್ತೆ ಫೋನ್ ಮಾಡಿದಾಗ ಬ್ಲಾಕ್.

1915ಕ್ಕೆ ಫೋನ್ ಮಾಡಿ ಗ್ರಾಹಕರ ಸಹಾಯವಾಣಿಯಲ್ಲಿ ದೂರು ದಾಖಲಿಸಿದ್ದೇವೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, 2 ವರ್ಷದ ಒಳಗೆ ದೂರು ಕೊಡಬಹುದು. ನಾನು ಬಿಡುವವಳಲ್ಲ.

ನೀವು ಮಾಡಿಸುವುದಾದರೆ ಹಿಂದಿನ ದಿನವೇ ನೀರು ತುಂಬಿಸಿ ಕೊಡುವವರಿಗೆ ಮಾತ್ರ ಹೇಳಿ. ಅದೇ ದಿನ ಬರುತ್ತೇವೆ ಎಂದರೆ ಬೇಡ. ಅಳತೆ, ಸಮಯ, ಬ್ಯಾಲೆನ್ಸ್ ಯಾವಾಗ, ಎಲ್ಲ ಬರವಣಿಗೆಯಲ್ಲಿ ತಕೊಳ್ಳಿ. ನಾನು ಫೋನಿನಲ್ಲಿ ಮಾತಾಡಿ ಬಿಟ್ಟೆ, ಅದಕ್ಕೇ ಈಗ ಕೈಯಲ್ಲಿ ಸಾಕ್ಷಿ ಕಡಿಮೆ. ನೀರಿನೊಳಗೆ ಲೈಟ್ ಬೇಡವೇ ಬೇಡ. ಹಾಕಲೇಬೇಕು ಎಂದರೆ ನಿಮ್ಮ ಗುರುತಿನ ಎಲೆಕ್ಟ್ರಿಷಿಯನ್ ನೋಡದೆ ಒಂದು ಮಗುವನ್ನೂ ಇಳಿಸಬೇಡಿ. ಜನ ಬಂದು ನಿಂತಿದ್ದರೂ ಸರಿ, ಬಿಚ್ಚಿಕೊಂಡು ಹೋಗಿ ಎಂದು ಹೇಳಿ. ನಾನು ಹೇಳಲಿಲ್ಲ.

ಇನ್ನು ಆ ಫೋಟೊ. ನಿನ್ನೆ ಮಗಳ ಗೆಳತಿಯೊಬ್ಬಳು ಕಳಿಸಿದಳು. ಅವರ ಸ್ಟೇಟಸ್ಸಿನಲ್ಲಿ ಹೊಸ ಜಾಹೀರಾತು, "ಉಡುಪಿಯ ನಮ್ಮ ಖುಷಿಯ ಗ್ರಾಹಕರು" ಎಂದು. ನೋಡಿದರೆ ನಮ್ಮ ಅಂಗಳ! ಭಾವ ಪ್ಲಗ್ ಕೀಳುವ ಮೊದಲು ಲೈಟ್ ಉರಿದದ್ದು ಎರಡೇ ನಿಮಿಷ. ಆ ಎರಡು ನಿಮಿಷದಲ್ಲಿ ಫೋಟೊ ತೆಗೆದಿದ್ದಾರೆ. ನೀರು ನೀಲಿಯಾಗಿ ಹೊಳೆಯುತ್ತಿದೆ, ಕಂದು ಬಣ್ಣ ಎಲ್ಲಿಯೂ ಗೊತ್ತಾಗುವುದಿಲ್ಲ. ಅವನು ಹೇಳಿದ ಹಾಗೇ.

ಹಿಂದೆ ಕೆಂಪು ಕಲ್ಲಿನ ಪಾಗಾರ, ಎಡಗಡೆ ಸುಣ್ಣ ಬಳಿದ ತುಳಸಿಕಟ್ಟೆ, ಅದರ ಪಕ್ಕ ಬಾಗಿದ ಒಂದು ತೆಂಗಿನ ಮರ. ಈ ಫೋಟೊ ನಿಮಗೆ ಯಾರಾದರೂ ಕಳಿಸಿದರೆ, ಅದು ನಮ್ಮ ಮನೆ. ಅವರಿಗೆ ಅಡ್ವಾನ್ಸ್ ಹಾಕಬೇಡಿ.