128 ಜಿಬಿ ಅಂತ 8 ಜಿಬಿ ಕಾರ್ಡ್ ಕೊಟ್ಟರು: ಮುಂಬೈಯ ಫೋರ್ಟ್ ಕಡೆ ಹೋಗುವವರು ಓದಿಕೊಂಡು ಹೋಗಿ

ಬೈಯುವವರು ಬೈಯಿರಿ, ಬೇಜಾರಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತು ದಿನಕ್ಕೆ ಇಪ್ಪತ್ತು ಸಲ "ಓಟಿಪಿ ಯಾರಿಗೂ ಹೇಳಬೇಡಿ" ಅಂತ ಬುದ್ಧಿ ಹೇಳುವವನು ನಾನು. ಬಿಲ್ಲಿಲ್ಲದೆ ಮೆಮೊರಿ ಕಾರ್ಡ್ ತಗೊಂಡವನೂ ನಾನೇ.

ಡೊಂಬಿವಲಿಯಲ್ಲಿ ಅಕ್ಕನ ಮಗಳ ನಿಶ್ಚಿತಾರ್ಥ ಇತ್ತು. ಭಾವ ಫೋಟೋಗ್ರಾಫರ್ ಹತ್ತಿರ ಮಾತಾಡಿಯೂ ಆಗಿತ್ತು. "ಸುಮ್ನೆ ಯಾಕೆ ದುಡ್ಡು ದಂಡ ಭಾವ, ನಾನಿಲ್ವಾ" ಅಂತ ಅವನನ್ನು ಬಿಡಿಸಿದ್ದು ನಾನು. ನನ್ನದು ನಿಕಾನ್ ಡಿ5600, ಒಂದೇ ಕಾರ್ಡ್ ಹಿಡಿಯುತ್ತದೆ. ರಾ ಫೋಟೋ (ಕ್ಯಾಮರಾ ತಿದ್ದದೆ ಹಾಗೇ ಇಡುವ ದೊಡ್ಡ ಫೈಲು) ಒಂದೊಂದು 25 ಎಂಬಿ ಹತ್ತಿರ, ಹಳೆಯ 16 ಜಿಬಿ ಸಾಲದು ಅಂತ ಎರಡು ದಿನ ಮೊದಲು ಆಫೀಸು ಬಿಟ್ಟವನು ಸಿಎಸ್‌ಎಂಟಿಯಲ್ಲಿ ಇಳಿದು ಫೋರ್ಟಿನ ಗಲ್ಲಿಗಳಿಗೆ ಹೊಕ್ಕೆ.

ಎರಡು ಅಂಗಡಿಯಲ್ಲಿ 1,500 ಅಂದರು. ಮೂರನೆಯದರಲ್ಲಿ ಹಿಂದಿಯಲ್ಲೇ ಚೌಕಾಸಿ ಮಾಡುತ್ತಿದ್ದೆ. ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು, ಕನ್ನಡದಲ್ಲಿ ಮಾತಾಡಿ ಇಟ್ಟೆ. ಕೌಂಟರಿನ ಹಿಂದಿನಿಂದ, "ಹ್ವಾಯ್, ಯಾವೂರ್ ನಿಮ್ದ್?"

ಅಲ್ಲಿಗೆ ಮುಗಿಯಿತು. ಫೋರ್ಟಿನ ಆ ಗದ್ದಲದಲ್ಲಿ ನಮ್ಮೂರ ಕುಂದಾಪ್ರ ಕನ್ನಡ! ನಾನು ಕರಗಿಹೋದೆ. ಯಾವ ಶಾಲೆ, ಕೋಡಿ ಹಬ್ಬ, ಈ ಸಲ ಮಳೆ ಹೇಗಂತೆ, ಎಲ್ಲ ಆಯಿತು. ಚಾ ಕೂಡ ತರಿಸಿದ. 128 ಜಿಬಿ ಕಾರ್ಡ್, ನಾವೆಲ್ಲ ಕಣ್ಣು ಮುಚ್ಚಿ ತಗೊಳ್ಳುವ ಕಂಪನಿಯದು. (ಕಂಪನಿಯ ಹೆಸರು ಬೇಡ, ಅವರದೇನೂ ತಪ್ಪಿಲ್ಲ, ಅವರ ಹೆಸರನ್ನೂ ಕದ್ದದ್ದೇ.) ಲೇಬಲ್ ಮೇಲೆ ವಿ30, ಯು3, 170 ಎಂಬಿ, ವೇಗದ ಗುರುತು ಎಲ್ಲ ಇತ್ತು. "ಊರಿನವ್ರಿಗಾಯ್ತ್ ಅಂದೇಳಿ 900." ಬಿಲ್ ಕೇಳಿದೆ. ಕೇಳಿದೆ, ಕೇಳಲಿಲ್ಲ ಅಂತ ಅಲ್ಲ. "ಬಿಲ್ ಬೇಕಾರೆ 18 ಪರ್ಸೆಂಟ್ ಜಿಎಸ್‌ಟಿ ಬೀಳತ್ತ್. ಊರಿನವ್ರಿಗೆ ಮೋಸ ಮಾಡುಕ್ ಆತ್ತಾ ಮಾರಾಯ್ರೆ?" ನಾನು ನಕ್ಕೆ. ನಕ್ಕೆ ನೋಡಿ! ಅದೇ ಈಗ ನೆನಪಾದಾಗಲೆಲ್ಲ ಮೈ ಉರಿಯುವುದು. ಪ್ಯಾಕೆಟ್ ಮೇಲೆ ಎಂಆರ್‌ಪಿ, ಆಮದು ಮಾಡಿದವರ ವಿಳಾಸದ ಸ್ಟಿಕ್ಕರ್ ಇರಲಿಲ್ಲ. ಅದನ್ನು ನೋಡಿದ್ದು ಮನೆಗೆ ಬಂದ ಮೇಲೆ.

ನಿಶ್ಚಿತಾರ್ಥದ ದಿನ ಕ್ಯಾಮರಾದಲ್ಲಿ ಫಾರ್ಮ್ಯಾಟ್ ಮಾಡಿದೆ, ಸಾವಿರಗಟ್ಟಲೆ ಫೋಟೋಕ್ಕೆ ಜಾಗ ತೋರಿಸಿತು. ನಾಲ್ಕು ಫೋಟೋ ಒಟ್ಟಿಗೆ ತೆಗೆದರೆ ಕಾರ್ಡಿಗೆ ಬರೆಯುವಾಗ ಹತ್ತುವ ಲೈಟ್ ಉರಿಯುತ್ತಲೇ ಇರುತ್ತಿತ್ತು, ಆರುತ್ತಲೇ ಇರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ರಾತ್ರಿ ಲ್ಯಾಪ್‌ಟಾಪಿಗೆ ಹಾಕಿದೆ. ತೆಗೆದದ್ದು 614. ಹೆಸರು, ನಂಬರು, ಸೈಜು ಎಲ್ಲ 614ಕ್ಕೂ ಇದೆ. ತೆರೆದರೆ ಮೊದಲ ಮುನ್ನೂರು ಚಿಲ್ಲರೆ ಸರಿ, ಆಮೇಲೆ ಒಂದು ಅರ್ಧ ಬೂದಿ ಬಣ್ಣ, ಅದರಿಂದ ಮುಂದೆ ಒಂದೂ ತೆರೆಯುವುದಿಲ್ಲ. ಮಂಟಪ, ಹೂವು, ಖಾಲಿ ಕುರ್ಚಿ, ಕಾಫಿ ಕುಡಿಯುವ ನೆಂಟರು, ಎಲ್ಲ ಚೆಂದ ಬಂದಿದೆ. ಉಂಗುರ ಹಾಕಿದ್ದು ಇಲ್ಲ. ಈ ವಯಸ್ಸಿನಲ್ಲಿ ಮತ್ಸ್ಯಗಂಧ ರೈಲಿನಲ್ಲಿ ರಾತ್ರಿಯಿಡೀ ಕೂತು ಬಂದ ಅಜ್ಜಿ ಮೊಮ್ಮಗಳ ಮಗಳ ತಲೆಗೆ ಅಕ್ಷತೆ ಹಾಕಿದ್ದು ಇಲ್ಲ.

ಎಚ್2ಟೆಸ್ಟ್‌ಡಬ್ಲ್ಯೂ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ. ಕಾರ್ಡ್ ತುಂಬ ಬರೆದು, ಬರೆದದ್ದನ್ನು ತಿರುಗಿ ಓದಿ ನೋಡುತ್ತದೆ. ಮಾರನೇ ರಾತ್ರಿ ಓಡಿಸಲು ಬಿಟ್ಟು ಮಲಗಿದೆ. ಒಳಗೆ ಇದ್ದದ್ದು 8 ಜಿಬಿ ಚಿಪ್ಪು. 128 ಅಂತ ಸುಳ್ಳು ಹೇಳಲು ಅದಕ್ಕೆ ಕಲಿಸಿಟ್ಟಿದ್ದಾರೆ, ಅಷ್ಟೆ. ತುಂಬಿದ ಮೇಲೆ ಹಾಕಿದ್ದೆಲ್ಲ ಗಾಳಿಗೆ. ಹೆಸರಿನ ಪಟ್ಟಿ ಕಾರ್ಡಿನ ಶುರುವಿನಲ್ಲೇ ಇರುವುದರಿಂದ ಫೈಲ್ ಇದ್ದ ಹಾಗೇ ಕಾಣುತ್ತದೆ. ಲ್ಯಾಮಿಂಗ್ಟನ್ ರೋಡಿನಲ್ಲಿ ರಿಕವರಿ ಮಾಡುವವನಿಗೆ ತೋರಿಸಿದೆ. "ಬರೆದಿದ್ದರೆ ತಾನೇ ಸಾಬ್ ತೆಗೆಯುವುದು" ಅಂದ. ಪಾಪ, ದುಡ್ಡು ತಗೊಳ್ಳಲಿಲ್ಲ.

ಅಂಗಡಿಗೆ ಹೋದೆ. ಅದೇ ಮನುಷ್ಯ, ಅದೇ ಸ್ಟೂಲು. "ನಿಮ್ಮ ಕಾರ್ಡ್ ಹೀಗಾಯ್ತಲ್ಲ" ಅಂದೆ, ಕನ್ನಡದಲ್ಲೇ. ತಲೆ ಎತ್ತಿ, "ಕೌನ್ಸಾ ಕಾರ್ಡ್? ಬಿಲ್ ದಿಖಾವ್."

ಹಿಂದಿ! ಮೊನ್ನೆ ಕೋಡಿ ಹಬ್ಬದ ಸುದ್ದಿ ಹೇಳಿದ ಬಾಯಿ! ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವನು ಹಿಂದಿಯಲ್ಲಿ. ಜೀಪೇ ತೋರಿಸಿದೆ. ಹಣ ಹೋದದ್ದು ಯಾರೋ ಒಬ್ಬರ ಹೆಸರಿಗೆ, ಅಂಗಡಿಯ ಹೆಸರಿಗಲ್ಲ. "ಯೇ ತೋ ಹಮಾರಾ ನಹೀ ಹೈ." ಆಮೇಲೆ, ಕ್ಯಾಮರಾ ಹಾಳಾಗಿರಬೇಕು. ಆಮೇಲೆ, 128 ಅಂದರೆ 119 ತೋರಿಸುವುದು ಮಾಮೂಲು. ಇದು ನಿಜವೇ, ಕಂಪ್ಯೂಟರ್ ಲೆಕ್ಕದಲ್ಲಿ ಒಳ್ಳೆಯ ಕಾರ್ಡೂ 119 ತೋರಿಸುತ್ತದೆ. ಆದರೆ ನಾನು ಕೇಳಿದ್ದು ಉಳಿದ 111 ಎಲ್ಲಿ ಅಂತ! ಹಿಂದೆ ನಿಂತಿದ್ದ ಗಿರಾಕಿಗಳು ನನ್ನನ್ನೇ ಜಗಳಗಂಟ ಅನ್ನುವ ಹಾಗೆ ನೋಡಿದರು.

ತಗೊಳ್ಳುವವರು ಬಿಲ್ ತಗೊಳ್ಳಿ. ಜಿಎಸ್‌ಟಿ ಬಿದ್ದರೆ ಬೀಳಲಿ. ಬಿಲ್ ಕೊಡದಿರುವುದೇ 2019ರ ಗ್ರಾಹಕ ಕಾನೂನಿನಲ್ಲಿ ತಪ್ಪು. 170, 200 ಅಂತ ದೊಡ್ಡದಾಗಿ ಬರೆದದ್ದು ಓದುವ ವೇಗ, ಬರೆಯುವುದಲ್ಲ. ಡಿ5600ರಂಥ ಯುಎಚ್‌ಎಸ್-1 (ಕಾರ್ಡಿನ ಜೊತೆ ಮಾತಾಡುವ ವೇಗದ ಒಂದು ದರ್ಜೆ) ಕ್ಯಾಮರಾಕ್ಕೆ ಸೆಕೆಂಡಿಗೆ 104 ಎಂಬಿ ಮೇಲೆ ಹೋಗಲಿಕ್ಕೇ ಇಲ್ಲ, ಆ ಅಂಕಿಗೆ ಮರುಳಾಗಬೇಡಿ. ವಿ30 ಅಂದರೆ ಕಡಿಮೆಯೆಂದರೂ ಸೆಕೆಂಡಿಗೆ 30 ಎಂಬಿ ಬರೆಯಬೇಕು, ನೋಡುವುದಾದರೆ ಅದನ್ನು ನೋಡಿ. ಒಂದು 128ರ ಬದಲು ಎರಡು 64 ಇಟ್ಟುಕೊಳ್ಳಿ. ತಂದ ರಾತ್ರಿಯೇ ಟೆಸ್ಟ್ ಹಾಕಿ, ಮ್ಯಾಕ್ ಇದ್ದವರಿಗೆ ಎಫ್3 ಅಂತ ಅಂಥದ್ದೇ ಒಂದಿದೆ. ಮತ್ತೆ ಊರು ಯಾವುದು ಅಂತ ಕೇಳಿದರೆ ಇಲ್ಲೇ ಮುಂಬೈಯ ಘಾಟ್‌ಕೋಪರ್ ಅನ್ನಿ.

ಅಂಗಡಿಯ ಹೆಸರು ಕೇಳಬೇಡಿ. ಬಿಲ್ಲಿಲ್ಲದವನು ಹೆಸರು ಹಾಕಿದರೆ ಕೇಸು ನನ್ನ ಮೇಲೆಯೇ ಬೀಳುವುದು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಬಿಲ್ಲಿನಲ್ಲಿ ಬೇರೆ ಗಡುವು ಇಲ್ಲದಿದ್ದರೆ ಕೆಟ್ಟ ಮಾಲು ವಾಪಸ್ ತಗೊಳ್ಳಲು 30 ದಿನ ಅಂತ ಕಾನೂನಿದೆ. ನನ್ನದು ಇವತ್ತಿಗೆ 19ನೇ ದಿನ. ಶನಿವಾರ ಮತ್ತೆ ಹೋಗುವವನಿದ್ದೇನೆ. ಅಕ್ಕ ಇನ್ನೂ ನನ್ನ ಹತ್ತಿರ ಮಾತಾಡುತ್ತಿಲ್ಲ, ಭಾವ ಮಾತ್ರ ತಾನೂ ಬರುತ್ತೇನೆ ಅಂದಿದ್ದಾರೆ.