ಮೂರು ಹಾಸಿಗೆ, ಒಂದೇ ಸೊಂಟ: ಮೆಮೊರಿ ಫೋಮ್, ಪಾಕೆಟ್ ಸ್ಪ್ರಿಂಗ್, ಲೇಟೆಕ್ಸ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೇಟೆಕ್ಸ್‌ಗೆ. ಒಂಬತ್ತು ವರ್ಷದಲ್ಲಿ ಮೂರು ಹಾಸಿಗೆ ಕೊಂಡಿದ್ದೇನೆ. ಮೊದಲು ಮೆಮೊರಿ ಫೋಮ್, ಆಮೇಲೆ ಪಾಕೆಟ್ ಸ್ಪ್ರಿಂಗ್, ಈಗ ಲೇಟೆಕ್ಸ್, ಅಂದರೆ ರಬ್ಬರ್ ಫೋಮ್. ಮೂರೂ ಬಿದ್ದುಕೊಂಡಿದ್ದು ಒಂದೇ ಮಂಚದ ಮೇಲೆ, ಅವುಗಳ ಮೇಲೆ ಬಿದ್ದುಕೊಂಡಿದ್ದು ಇದೇ ಸೊಂಟ. ನನ್ನ ತೂಕ 84 ಕೆಜಿ. ಮಗ್ಗುಲಲ್ಲಿ ಮಲಗುತ್ತೇನೆ, ರಾತ್ರಿಯೆಲ್ಲ ಹೊರಳಾಡುತ್ತೇನೆ. ನೀವು ಹಗುರವಾಗಿದ್ದು, ಅಂಗಾತ ಮಲಗಿದರೆ ಬೆಳಗಿನವರೆಗೂ ಅಲುಗಾಡದವರಾದರೆ ನನ್ನ ಅರ್ಧ ದೂರು ನಿಮಗೆ ಸಂಬಂಧವೇ ಇಲ್ಲ.

ಮೆಮೊರಿ ಫೋಮ್ ಕೊಂಡಿದ್ದು ಎಲ್ಲರೂ ಕೊಳ್ಳುವ ಹಾಗೆ. ಅಂಗಡಿಗೆ ಹೋದೆ, ಅಂಗೈ ಒತ್ತಿದೆ. ಬೆರಳಿನ ಗುರುತು ನಿಧಾನಕ್ಕೆ ತುಂಬಿಕೊಳ್ಳುವುದನ್ನು ನೋಡಿ ಖುಷಿಯಾಯಿತು. ಮಾರುವವರು "ನಾಸಾ ತಂತ್ರಜ್ಞಾನ" ಅಂದರು. ಅದು ಸುಳ್ಳಲ್ಲ, ಈ ಫೋಮ್ ಹುಟ್ಟಿದ್ದು 1960ರ ದಶಕದಲ್ಲಿ, ನಾಸಾಗಾಗಿ ವಿಮಾನದ ಸೀಟಿನ ಕುಶನ್ ಮಾಡಲು ಹೋಗಿ. ಆದರೆ ಆ ಮಾತಿಗೂ ನನ್ನ ಮುಂದಿದ್ದ ಹಾಸಿಗೆ ಎಷ್ಟು ವರ್ಷ ಬಾಳುತ್ತದೆ ಅನ್ನುವುದಕ್ಕೂ ಏನೂ ಸಂಬಂಧ ಇರಲಿಲ್ಲ. ಹತ್ತು ವರ್ಷ ವಾರಂಟಿ ಅಂತಲೂ ಹೇಳಿದರು. ಅಲ್ಲಿಗೆ ನಾನು ಬಿದ್ದೆ.

ಒಂದೂವರೆ ವರ್ಷಕ್ಕೆ ನನ್ನ ಕಡೆ ಗುಳಿ ಬಿತ್ತು. ಸೊಂಟ ಇಡುವ ಜಾಗದಲ್ಲಿ, ದೋಣಿಯ ಹಾಗೆ. ಮಗ್ಗುಲು ಬದಲಿಸಬೇಕಾದರೆ ಗುಳಿಯಿಂದ ಹತ್ತಿ ಮತ್ತೆ ಗುಳಿಗೇ ಇಳಿಯಬೇಕು. ವಾರಂಟಿ ಇದೆಯಲ್ಲ ಅಂತ ಧೈರ್ಯವಾಗಿ ದೂರು ಕೊಟ್ಟೆ.

ಅಲ್ಲಿಂದ ಎರಡು ತಿಂಗಳು ನಡೆದದ್ದನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಹಾಸಿಗೆ ಕೊಳ್ಳುವ ಮುಂಚೆ ಇದನ್ನು ಯಾರೂ ಹೇಳುವುದಿಲ್ಲ. ಮೊದಲು ಫೋಟೋ ಕೇಳಿದರು. ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ದಾರ ಬಿಗಿಯಾಗಿ ಎಳೆದು, ಗುಳಿಯ ತಳದಿಂದ ದಾರದವರೆಗೆ ಸ್ಕೇಲ್ ನಿಲ್ಲಿಸಿ ಫೋಟೋ ತೆಗೆಯಬೇಕು. ತೆಗೆದೆ. ಎರಡು ಸೆಂಟಿಮೀಟರ್ ಇತ್ತು. ವಾರಂಟಿ ಕಾಗದದಲ್ಲಿ 3.8 ಸೆಂಟಿಮೀಟರ್, ಅಂದರೆ ಒಂದೂವರೆ ಇಂಚು ತಗ್ಗಿದರೆ ಮಾತ್ರ ದೋಷ ಅಂತ ಇತ್ತು. ಅದನ್ನು ನಾನು ಓದಿದ್ದು ಆಗಲೇ, ಅದೂ ಮೊದಲ ಸಲ.

ನನ್ನ ವಾದ ಇಷ್ಟೇ. ಹಾಸಿಗೆ ಖಾಲಿ ಇದ್ದಾಗ ಎರಡು ಸೆಂಟಿಮೀಟರ್, ನಾನು ಮಲಗಿದಾಗ ಎಷ್ಟು? ನಾನು ಅದನ್ನು ಕೊಂಡಿದ್ದು ಖಾಲಿ ಇಟ್ಟು ನೋಡುವುದಕ್ಕಲ್ಲ, ಅಲ್ವಾ? ಆದರೆ ಲೆಕ್ಕ ಖಾಲಿ ಹಾಸಿಗೆಯದ್ದೇ. ಮೇಲೆ ಯಾವ ಭಾರವೂ ಇರಬಾರದು. ಫೋಮ್ ಕೆಡುವುದು ಬರೀ ಗುಳಿ ಬಿದ್ದು ಅಲ್ಲ, ಬಲ ಕಳೆದುಕೊಂಡು. ನೋಡುವುದಕ್ಕೆ ಸಪಾಟಾಗಿರುತ್ತದೆ, ಮಲಗಿದರೆ ಕುಸಿಯುತ್ತದೆ. ಆ ಕುಸಿತವನ್ನು ಅಳೆಯುವ ಮಾತು ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ನಾನೂ ಬಿಡಲಿಲ್ಲ. ಬೆಳಗ್ಗೆ ಆರಕ್ಕೆ ಎದ್ದ ತಕ್ಷಣ, ಹಾಸಿಗೆ ಇನ್ನೂ ಬೆಚ್ಚಗಿರುವಾಗಲೇ ದಾರ ಎಳೆದೆ. ಮೂರು ಸೆಂಟಿಮೀಟರ್ ಬಂತು! ಮಧ್ಯಾಹ್ನದ ಹೊತ್ತಿಗೆ ಅದೇ ಜಾಗ ಮತ್ತೆ ಎರಡಕ್ಕೆ ಏರಿತ್ತು. ಮೆಮೊರಿ ಫೋಮ್ ಬಿಸಿಗೆ ಮೆತ್ತಗಾಗುತ್ತದೆ, ತಣ್ಣಗಾದರೆ ಬಿಗಿಯಾಗುತ್ತದೆ, ಎದ್ದ ಮೇಲೆ ನಿಧಾನಕ್ಕೆ ಮೇಲೆ ಬರುತ್ತದೆ. ಮೂರರ ಫೋಟೋ ಕಳಿಸಿದೆ. ಆರು ಗಂಟೆ ಯಾರೂ ಮಲಗದೆ ಬಿಟ್ಟು ಮತ್ತೆ ಅಳೆಯಿರಿ ಅಂದರು. ಆಮೇಲೆ ಮಂಚದ ಪಟ್ಟಿಗಳ ಫೋಟೋ ಕೇಳಿದರು. ಪಟ್ಟಿಗಳ ನಡುವೆ 11 ಸೆಂಟಿಮೀಟರ್ ಸಂದು ಇತ್ತು, ಅವರ ನಿಯಮದಲ್ಲಿ ಏಳೂವರೆ. ಆಮೇಲೆ ಹಾಸಿಗೆಯ ಬದಿಗೆ ಹೊಲಿದಿರುವ ಲೇಬಲ್‌ನ ಫೋಟೋ. ಅದು ಕಾಲಿಗೆ ಚುಚ್ಚುತ್ತದೆ ಅಂತ ಮೊದಲ ವಾರವೇ ಕತ್ತರಿಸಿ ಎಸೆದಿದ್ದೆ. ಕೊನೆಗೆ ಒಂದು ಫೋಟೋದ ಮೂಲೆಯಲ್ಲಿ ಕಂಡ ಅಂಗೈ ಅಗಲದ ಕಲೆ. ಕಲೆಯಾದರೆ ವಾರಂಟಿ ರದ್ದು. ಕೇಸ್ ಖತಂ.

ಅವರು ನಿಯಮ ಮುರಿದರು ಅಂತ ಹೇಳುವ ಹಾಗೂ ಇಲ್ಲ. ಎಲ್ಲ ಬರೆದೇ ಇತ್ತು, ಓದದೆ ಇದ್ದವನು ನಾನು. ಇನ್ನೊಂದು ವಿಷಯ. ಆ ಹತ್ತು ವರ್ಷದಲ್ಲಿ ಪೂರ್ತಿ ಬದಲಿಸಿ ಕೊಡುವುದು ಮೊದಲ ಮೂರು ವರ್ಷ ಮಾತ್ರ. ಆಮೇಲೆ ವರ್ಷ ಕಳೆದಷ್ಟೂ ನಮ್ಮ ಪಾಲಿನ ದುಡ್ಡು ಏರುತ್ತಾ ಹೋಗುತ್ತದೆ. ಹತ್ತು ವರ್ಷ ಅನ್ನುವುದು ಮೂಗಿಗೆ ಸವರಿದ ತುಪ್ಪ. ಈಗ ನಾನು ವರ್ಷದ ಲೆಕ್ಕ ಕೇಳುವುದಿಲ್ಲ. ಎಷ್ಟು ಸೆಂಟಿಮೀಟರ್ ತಗ್ಗಿದರೆ ಒಪ್ಪುತ್ತೀರಿ ಅಂತ ಕೇಳುತ್ತೇನೆ. ಎರಡೂವರೆ ಅಂದರೆ ಪರವಾಗಿಲ್ಲ. 3.8 ಅಂದರೆ ಅದು ಇದ್ದೂ ಇಲ್ಲದ ಹಾಗೆ.

ಆ ಹಾಸಿಗೆ ಯಾಕೆ ಅಷ್ಟು ಬೇಗ ಕೂತುಬಿಟ್ಟಿತು ಅನ್ನುವುದು ಗೊತ್ತಾದದ್ದು ಅದರ ಪೆಟ್ಟಿಗೆಯಿಂದ. ಅಟ್ಟದ ಮೇಲೆ ಇನ್ನೂ ಇತ್ತು. ಅದರ ಮೇಲೆ ತೂಕ 17 ಕೆಜಿ ಅಂತ ಅಚ್ಚಾಗಿತ್ತು. ಹಾಸಿಗೆ 190 ಸೆಂಟಿಮೀಟರ್ ಉದ್ದ, 150 ಅಗಲ, 20 ದಪ್ಪ. ಗುಣಿಸಿದರೆ 0.57 ಘನ ಮೀಟರ್. ಕವರು, ಪೆಟ್ಟಿಗೆ ಅಂತ ಮೂರು ಕೆಜಿ ಕಳೆದರೆ ಫೋಮ್ ಉಳಿಯುವುದು 14 ಕೆಜಿ. ಭಾಗಿಸಿದರೆ ಘನ ಮೀಟರಿಗೆ ಸುಮಾರು 25 ಕೆಜಿ. ಇದೇ ಡೆನ್ಸಿಟಿ. ಒಳ್ಳೆಯ ಮೆಮೊರಿ ಫೋಮ್ ಪದರಕ್ಕೆ 50ಕ್ಕಿಂತ ಜಾಸ್ತಿ ಇರಬೇಕು, ಕೆಳಗಿನ ಆಧಾರದ ಫೋಮ್‌ಗೆ 30ರಿಂದ 40. ನನ್ನದರಲ್ಲಿ ಮೇಲಿನ ಐದು ಸೆಂಟಿಮೀಟರ್ ನಿಜವಾಗಲೂ 50ರದ್ದೇ ಆಗಿದ್ದರೆ, ಕೆಳಗಿನ ಹದಿನೈದು 16ರ ಆಸುಪಾಸಿನದ್ದಾಗಿರಬೇಕು. ಅಲ್ಲದಿದ್ದರೆ ಮೇಲಿನದೇ ಕಳಪೆ. ಹೇಗೆ ನೋಡಿದರೂ ನಾನು ಕೊಂಡಿದ್ದು ಗಾಳಿ.

ಕೊಳ್ಳುವ ಮುಂಚೆ ಮಾಡಬೇಕಾದ ಕೆಲಸ ಒಂದೇ ಒಂದು ಹೇಳು ಅಂದರೆ ನಾನು ಇದನ್ನೇ ಹೇಳುತ್ತೇನೆ. ತೂಕ ಕೇಳಿ, ಅಳತೆಯಿಂದ ಭಾಗಿಸಿ. ಫೋನಿನಲ್ಲಿ ಅರ್ಧ ನಿಮಿಷದ ಲೆಕ್ಕ. ಸ್ಪ್ರಿಂಗ್ ಹಾಸಿಗೆಗೆ ಇದು ನಡೆಯುವುದಿಲ್ಲ, ಒಳಗೆ ಉಕ್ಕು ಇರುತ್ತದಲ್ಲ. ಫೋಮ್‌ಗೂ ಲೇಟೆಕ್ಸ್‌ಗೂ ಸರಿಯಾಗಿ ನಡೆಯುತ್ತದೆ. ಡೆನ್ಸಿಟಿ ಅಂದರೆ ಗಟ್ಟಿತನ ಅಂತ ಅಂಗಡಿಯವರೇ ಎಷ್ಟೋ ಸಲ ತಪ್ಪಾಗಿ ಹೇಳುತ್ತಾರೆ. ಎರಡೂ ಬೇರೆ ಬೇರೆ. ಹಗುರ ಫೋಮ್ ಒತ್ತಿದರೆ ಗಟ್ಟಿಯಾಗಿಯೇ ಇರಬಹುದು, ಭಾರದ ಫೋಮ್ ಮೆತ್ತಗಿರಬಹುದು. ಗಟ್ಟಿತನ ಇವತ್ತಿನ ನಿದ್ದೆಯದ್ದು, ಡೆನ್ಸಿಟಿ ಐದು ವರ್ಷದ ಆಚೆಯ ನಿದ್ದೆಯದ್ದು. ಅಂಗೈ ಒತ್ತಿದರೆ ಗೊತ್ತಾಗುವುದು ಮೊದಲನೆಯದು ಮಾತ್ರ.

ಎರಡನೆಯದು ಪಾಕೆಟ್ ಸ್ಪ್ರಿಂಗ್. ಒಂದೊಂದು ಸ್ಪ್ರಿಂಗನ್ನೂ ಬೇರೆ ಬೇರೆ ಬಟ್ಟೆ ಚೀಲದಲ್ಲಿ ಹೊಲಿದಿರುತ್ತಾರೆ, ಹಾಗಾಗಿ ಪಕ್ಕದವರು ಹೊರಳಿದರೆ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಗಾಳಿ ಚೆನ್ನಾಗಿ ಆಡುತ್ತದೆ. ಮೆಮೊರಿ ಫೋಮ್ ಮೇಲೆ ಬೆವರಿ ಎದ್ದು ಕೂರುತ್ತಿದ್ದ ನನಗೆ ಮೊದಲ ವರ್ಷ ಸ್ವರ್ಗ. ಅಂಚಿನಲ್ಲಿ ಕೂತು ಸಾಕ್ಸ್ ಹಾಕಿಕೊಳ್ಳುವ ಅಭ್ಯಾಸ ನನ್ನದು. ಇದರ ಅಂಚು ಜಾರುತ್ತಿರಲಿಲ್ಲ. ಸುತ್ತಲೂ ಗಟ್ಟಿ ಫೋಮ್ ಚೌಕಟ್ಟು ಇದ್ದಿದ್ದರಿಂದ ಹಾಗೆ. ಎಲ್ಲದರಲ್ಲೂ ಅದು ಇರುವುದಿಲ್ಲ, ಕೂತು ನೋಡಿ.

ನಾಲ್ಕು ವರ್ಷಕ್ಕೆ ಅದೂ ತಗ್ಗಿತು. ಸ್ಪ್ರಿಂಗ್ ಹೋಯಿತು ಅಂದುಕೊಂಡೆ. ಎಸೆಯುವ ಮುಂಚೆ ನೋಡೇಬಿಡೋಣ ಅಂತ ಬ್ಲೇಡ್ ತಂದು ಮೇಲಿನ ಬಟ್ಟೆ ಸೀಳಿದೆ. ಸ್ಪ್ರಿಂಗ್‌ಗಳು ಸಾಲಾಗಿ ನೆಟ್ಟಗೆ ನಿಂತಿದ್ದವು, ಒಂದೂ ಬಾಗಿರಲಿಲ್ಲ. ಸತ್ತಿದ್ದು ಅವುಗಳ ಮೇಲಿನ ದಿಂಬಿನಂಥ ಪದರ. ಅಂಚಿನಲ್ಲಿ ಐದು ಸೆಂಟಿಮೀಟರ್ ಇದ್ದ ಫೋಮ್ ನನ್ನ ಸೊಂಟದ ಕೆಳಗೆ ಮೂರಾಗಿತ್ತು. ಹಳದಿ ತಿರುಗಿತ್ತು. ಹಿಂಡಿ ಬಿಟ್ಟರೆ ಮುದುಡಿದ ಕಾಗದದ ಹಾಗೆ ಹಿಂಡಿದಂತೆಯೇ ಉಳಿಯಿತು. ಅಂಗಡಿಯಲ್ಲಿ ನನ್ನನ್ನು ಮರುಳು ಮಾಡಿದ್ದೂ ಅದೇ ಪದರ, ಮೊದಲು ಕೈಕೊಟ್ಟಿದ್ದೂ ಅದೇ. ಸ್ಪ್ರಿಂಗ್ ಎಷ್ಟು ಸಾವಿರ ಇದೆ ಅಂತ ಜಾಹೀರಾತು ಕೂಗುತ್ತದೆ, ಮೇಲಿನ ಐದು ಸೆಂಟಿಮೀಟರ್ ಯಾವ ಡೆನ್ಸಿಟಿಯದ್ದು ಅಂತ ಹೇಳುವುದಿಲ್ಲ. ಬೆರಳುದ್ದದ ಪುಟ್ಟ ಸ್ಪ್ರಿಂಗ್‌ಗಳ ಇನ್ನೊಂದು ಪದರ ಸೇರಿಸಿ ಸಂಖ್ಯೆ ಏರಿಸುವುದೂ ಇದೆ. ತಂತಿಯ ಗೇಜ್, ಅಂದರೆ ದಪ್ಪದ ಅಳತೆ, ಕೇಳುವುದಾದರೆ ನೆನಪಿರಲಿ, ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ.

ಇನ್ನು ಲೇಟೆಕ್ಸ್. ಇದನ್ನು ಕೊಂಡಿದ್ದಕ್ಕೆ ಮೊದಲ ಕಾರಣ ಅದರ ಕವರಿಗೆ ಸುತ್ತಲೂ ಜಿಪ್ ಇತ್ತು. ತಮಾಷೆಯಲ್ಲ. ತೆಗೆದು ತೋರಿಸಿ ಅಂದೆ, ತೋರಿಸಿದರು. ಒಳಗೆ ಪೂರ್ತಿ ಲೇಟೆಕ್ಸ್, ಕೆನೆ ಬಣ್ಣ, ಮೈ ತುಂಬ ಪೆನ್ಸಿಲ್ ಹೋಗುವಷ್ಟು ತೂತು. ಅಚ್ಚಿನಲ್ಲಿರುವ ಕಡ್ಡಿಗಳಿಂದ ಆಗುವ ತೂತು ಅವು. ಬಿಸಿ ಒಳಗಿನವರೆಗೂ ತಲುಪಿ ಹಾಸಿಗೆ ಸಮನಾಗಿ ಬೇಯಲಿ ಅಂತ ಇರುತ್ತವೆ. ಬೆರಳಿಂದ ಒತ್ತಿ ಬಿಟ್ಟೆ, ತಕ್ಷಣ ಪುಟಿಯಿತು. ತೂಕ ಕೇಳಿದೆ, 44 ಕೆಜಿ. ಅಳತೆ ಹಳೆಯದರದ್ದೇ. ಮೂರು ಕೆಜಿ ಕಳೆದು ಭಾಗಿಸಿದರೆ ಸುಮಾರು 72. ಲೇಟೆಕ್ಸ್‌ಗೆ ಇದು ಸರಿಯಾದ ಲೆಕ್ಕ.

ಇಲ್ಲೂ ಮೋಸಕ್ಕೆ ಜಾಗ ಇದೆ. "100% ನ್ಯಾಚುರಲ್" ಅಂತ ಬರೆದು ಮೇಲಿನ ಎರಡೂವರೆ ಸೆಂಟಿಮೀಟರ್ ಮಾತ್ರ ಲೇಟೆಕ್ಸ್ ಇಟ್ಟು ಉಳಿದದ್ದು ಸಾದಾ ಫೋಮ್ ತುಂಬಿರಬಹುದು. ರಬ್ಬರ್ ಮರದ ಹಾಲಿನ ಜೊತೆ ಸಿಂಥೆಟಿಕ್ ರಬ್ಬರ್ ಬೆರೆಸಿದ್ದನ್ನೂ ಲೇಟೆಕ್ಸ್ ಅಂತಲೇ ಕರೆಯುತ್ತಾರೆ. ಜಿಒಎಲ್‌ಎಸ್ ಅನ್ನುವ ಸಾವಯವ ಲೇಟೆಕ್ಸ್ ಪ್ರಮಾಣಪತ್ರದ ಮುದ್ರೆ ಇದ್ದರೆ ಲೇಟೆಕ್ಸ್‌ನಲ್ಲಿ 95 ಪ್ರತಿಶತಕ್ಕೆ ಕಡಿಮೆ ಇಲ್ಲದಷ್ಟು ಸಾವಯವ ಕಚ್ಚಾವಸ್ತು ಇರಬೇಕು ಅನ್ನುವ ಷರತ್ತು ಇದೆ. ಓಕೊಟೆಕ್ಸ್ ಮುದ್ರೆ ಬೇರೆ, ಅದು ಹಾನಿಕಾರಕ ರಾಸಾಯನಿಕಗಳ ಪರೀಕ್ಷೆ. ಬಾಳಿಕೆಗೂ ಅದಕ್ಕೂ ಸಂಬಂಧ ಇಲ್ಲ.

ಕಿರಿಕಿರಿಗಳೂ ಇವೆ. ಬೆಡ್‌ಶೀಟ್ ಬದಲಿಸಲು ಮೂಲೆ ಎತ್ತಿದರೆ ಹೆಣಭಾರ. ಮೊದಲ ಎರಡು ವಾರ ರಬ್ಬರ್ ವಾಸನೆ. ಕವರ್ ತೆಗೆದು ಬಿಸಿಲಿಗೆ ಒಡ್ಡುವ ಹಾಗಿಲ್ಲ, ಬೆಳಕು ಬಿದ್ದರೆ ಲೇಟೆಕ್ಸ್ ಪುಡಿಪುಡಿಯಾಗುತ್ತದೆ. ಬೆಲೆಯಂತೂ ನನ್ನ ಮೊದಲೆರಡು ಹಾಸಿಗೆಗಳ ಒಟ್ಟು ಬೆಲೆಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಎರಡೂವರೆ ವರ್ಷ ಅಷ್ಟೇ ಆಗಿರುವುದು. ಈಗಲೂ ಆರು ತಿಂಗಳಿಗೊಮ್ಮೆ ದಾರ ಎಳೆದು ನೋಡುತ್ತೇನೆ, ಚಟ ಹತ್ತಿಬಿಟ್ಟಿದೆ. ಹೋದ ಸಲ ಅರ್ಧ ಸೆಂಟಿಮೀಟರ್ ಕೂಡ ಇರಲಿಲ್ಲ. ಈ ಸಲ ಪಟ್ಟಿಗಳ ಮೇಲೆ ತೂತು ಕೊರೆದ ಪ್ಲೈವುಡ್ ಹಾಸಿದ್ದೇನೆ, ಅದರ ಪಾಲೂ ಇರಬಹುದು.

ಅಂಗಡಿಯಲ್ಲಿ ಮಲಗಿ ನೋಡುವುದನ್ನು ಬಿಡಬೇಡಿ. ಆದರೆ ಎರಡು ನಿಮಿಷ ಅಂಗಾತ ಮಲಗಿ ಎದ್ದರೆ ಸುಮ್ನೆ. ಚಪ್ಪಲಿ ಬಿಟ್ಟು, ನೀವು ಮನೆಯಲ್ಲಿ ಮಲಗುವ ಭಂಗಿಯಲ್ಲೇ ಹದಿನೈದು ನಿಮಿಷ ಮಲಗಿ. ಜೊತೆಗೆ ಬಂದವರಿಗೆ ಹಿಂದಿನಿಂದ ಒಂದು ಫೋಟೋ ತೆಗೆಯಲು ಹೇಳಿ. ಮಗ್ಗುಲಲ್ಲಿದ್ದಾಗ ಬೆನ್ನುಮೂಳೆ ನೇರ ಗೆರೆಯ ಹಾಗಿರಬೇಕು, ಸೊಂಟ ಇಳಿದು ಜೋಲಬಾರದು. ನನಗೆ ನಾಚಿಕೆಯಾಯಿತು, ಆದರೂ ತೆಗೆಸಿಕೊಂಡೆ.

"ಆರ್ಥೋಪೆಡಿಕ್" ಅನ್ನುವ ಚೀಟಿಗೆ ಬೆಲೆ ಕೊಡಬೇಡಿ. ಬೆನ್ನುನೋವಿಗೆ ಹಲಗೆಯಂಥ ಹಾಸಿಗೆಯೇ ಬೇಕು ಅನ್ನುವುದೂ ಹಳೆಯ ನಂಬಿಕೆ. 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸ್ಪೇನಿನ ಅಧ್ಯಯನವೊಂದರಲ್ಲಿ, ಬಹುಕಾಲದ ಸೊಂಟನೋವು ಇದ್ದ 313 ಜನರನ್ನು ಎರಡು ಗುಂಪು ಮಾಡಿ 90 ದಿನ ನೋಡಿದರು. ತೀರಾ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ ಜಾಸ್ತಿ ಆರಾಮ ಸಿಕ್ಕಿತ್ತು.

ಬಾಳಿಕೆಗೆ ಯಂತ್ರದ ಪರೀಕ್ಷೆಯೂ ಇದೆ. ಯುರೋಪಿನ ಇಎನ್ 1957 ಅನ್ನುವ ವಿಧಾನದಲ್ಲಿ ಸುಮಾರು 140 ಕೆಜಿ ಒತ್ತುವ ರೋಲರನ್ನು ಹಾಸಿಗೆ ಮೇಲೆ 30,000 ಸಲ ಉರುಳಿಸಿ, ಎತ್ತರ ಎಷ್ಟು ಇಳಿಯಿತು, ಗಟ್ಟಿತನ ಎಷ್ಟು ಬದಲಾಯಿತು ಅಂತ ಅಳೆಯುತ್ತಾರೆ. ಇಂಥ ಪರೀಕ್ಷೆ ಮಾಡಿಸಿದ್ದೀರಾ ಅಂತ ಕೇಳಿ. ಎಷ್ಟೋ ಕಡೆ ಉತ್ತರ ಬರುವುದಿಲ್ಲ, ಅದೂ ಒಂದು ಉತ್ತರವೇ.

ಅಷ್ಟು ದುಡ್ಡಿಲ್ಲ ಅನ್ನುವವರಿಗೆ ನಾನು ಹೇಳುವುದು ಇದು. ಮಗುಚಿ ಹಾಕಬಹುದಾದ, 40ರ ಡೆನ್ಸಿಟಿಯ ಗಟ್ಟಿ ಫೋಮ್ ಹಾಸಿಗೆ ಕೊಳ್ಳಿ. ಅದರ ಮೇಲೆ ಐದು ಸೆಂಟಿಮೀಟರ್ ಲೇಟೆಕ್ಸ್ ಟಾಪರ್ ಬೇರೆಯಾಗಿ ಹಾಸಿ. ಮೊದಲು ಸಾಯುವುದು ಮೇಲಿನ ಪದರವೇ ಅಂತ ಆಯಿತಲ್ಲ, ಸತ್ತಾಗ ಅದೊಂದನ್ನೇ ಬದಲಿಸಬಹುದು. ಸ್ಪ್ರಿಂಗ್ ಇಷ್ಟವಿದ್ದರೂ ದಿಂಬಿನ ಪದರ ಹೊಲಿದಿರುವುದು ಬೇಡ, ತೆಳು ಹೊದಿಕೆಯದ್ದು ಸಾಕು. ಮೆಮೊರಿ ಫೋಮ್ ನನಗಂತೂ ಇನ್ನು ಬೇಡ.

ನನ್ನ ಹೆಂಡತಿ ಇದನ್ನು ಒಪ್ಪುವುದಿಲ್ಲ. ಮೂರರಲ್ಲಿ ಮೆಮೊರಿ ಫೋಮೇ ಚೆನ್ನಾಗಿತ್ತು, ಸುಮ್ನೆ ಎಸೆದೆವು ಅಂತ ಈಗಲೂ ಹೇಳುತ್ತಾಳೆ. ಅವಳ ತೂಕ 51 ಕೆಜಿ. ಆ ಹಾಸಿಗೆ ಹೊರಗೆ ಸಾಗಿಸಿದ ದಿನ ಅವಳ ಕಡೆಗೂ ದಾರ ಎಳೆದು ಅಳೆದಿದ್ದೆ. ಸ್ಕೇಲ್ ನಿಲ್ಲಿಸಲು ಜಾಗವೇ ಇರಲಿಲ್ಲ.