ತೋಟದ ಮಳೆ ಲೆಕ್ಕಕ್ಕೆ ಫುತಾರ್ಕ್ ಭಾಷೆ: ಬಳಸಿ ನೋಡಿದ ವಿಮರ್ಶೆ

ಕೊಡಗಿನ ಹಲವು ಕಾಫಿ ತೋಟಗಳಲ್ಲಿ ದಶಕಗಳ ಮಳೆ ಪುಸ್ತಕಗಳಿವೆ. ದಿನಕ್ಕೊಂದು ಸಾಲು, ಇಂಚು-ಸೆಂಟ್ ಲೆಕ್ಕ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ). ಅದನ್ನು ಕಂಪ್ಯೂಟರ್‌ಗೆ ಏರಿಸಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಯಾವಾಗ ಬಿತ್ತು, ಒಣಗಾಲ ಎಷ್ಟು ದಿನ ಎಳೆಯಿತು ಎಂದು ಹುಡುಕುವವರು ಫುತಾರ್ಕ್ ಕಲಿಯಬಹುದು. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಉಚಿತ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ (ಲೆಕ್ಕವನ್ನು ಫಂಕ್ಷನ್‌ಗಳ ಜೋಡಣೆಯಾಗಿ ಬರೆಯುವ ಭಾಷೆ) ಒಮ್ಮೆ ಬರೆದ ಪ್ರೋಗ್ರಾಂ ಸಿ ಭಾಷೆಗೂ, ಪ್ರೊಸೆಸರ್‌ನ ಹಲವು ಕೋರ್ ಬಳಸುವ ಮಲ್ಟಿಕೋರ್‌ಗೂ, ಜಿಪಿಯು (ಗ್ರಾಫಿಕ್ಸ್ ಕಾರ್ಡ್‌ನ ಚಿಪ್) ಬಳಸುವ ಓಪನ್‌ಸಿಎಲ್, ಕುಡಾಗಳಿಗೂ ಕಂಪೈಲ್ ಆಗುತ್ತದೆ. ಫೈಲ್ ಓದುವುದು, ಗ್ರಾಫ್ ಬಿಡಿಸುವುದು ಇದರ ಕೆಲಸವಲ್ಲ. ಅದನ್ನು ಪೈಥಾನ್‌ಗೆ ಬಿಡಿ.

ಮೊದಲು ಎಡವುವುದು ಅರೇ (ಸಂಖ್ಯೆಗಳ ಪಟ್ಟಿ) ಆಕಾರದಲ್ಲಿ. ಒಳಗಿನ ಸಾಲುಗಳೆಲ್ಲ ಒಂದೇ ಉದ್ದ ಇರಲೇಬೇಕು. ವರ್ಷಕ್ಕೊಂದು ಸಾಲು ಮಾಡಿದರೆ ಅಧಿಕ ವರ್ಷಕ್ಕಾಗಿ 366 ಕಂಬಸಾಲು ಇಡಬೇಕು. ಮಳೆಯನ್ನು ಸೆಂಟ್‌ನಲ್ಲೇ ಪೂರ್ಣಾಂಕವಾಗಿ ತುಂಬಿ, ಬರೆಯದ ದಿನಕ್ಕೆ -1 ಹಾಕಿ. ಸೊನ್ನೆ ಹಾಕಿದರೆ ಮರೆತ ದಿನವೂ ಒಣ ದಿನವಾಗಿಬಿಡುತ್ತದೆ. ಪೂರ್ಣಾಂಕದಿಂದ ಇನ್ನೊಂದು ಲಾಭವೂ ಇದೆ: ದಶಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಮೊತ್ತದ ಕೊನೆಯ ಅಂಕಿಗಳು ಬದಲಾಗುತ್ತವೆ, ಇಲ್ಲಿ ಆ ಕಾಟವಿಲ್ಲ.

ಅತಿ ಉದ್ದದ ಒಣಗಾಲ ಹುಡುಕುವಾಗ ಮಾತ್ರ ವರ್ಷದ ಸಾಲು ಬೇಡ. ನಮ್ಮಲ್ಲಿ ಒಣಗಾಲ ಡಿಸೆಂಬರ್ ದಾಟಿ ಜನವರಿಗೆ ಹರಿಯುತ್ತದೆ. ಸಾಲು ಮುರಿದರೆ ಲೆಕ್ಕವೂ ಮುರಿಯುತ್ತದೆ. ಎಲ್ಲ ದಿನಗಳನ್ನು ಒಂದೇ ಉದ್ದ ಅರೇ ಮಾಡಿ, ಪ್ರತಿ ದಿನಕ್ಕೆ ನಾಲ್ಕು ಸಂಖ್ಯೆ ಕೊಡಿ: ಆರಂಭದಲ್ಲಿ ಸತತ ಎಷ್ಟು ಒಣ ದಿನ, ಕೊನೆಯಲ್ಲಿ ಸತತ ಎಷ್ಟು ಒಣ ದಿನ, ಅತಿ ಉದ್ದದ ಒಣ ಸರಣಿ, ಒಟ್ಟು ದಿನ. ಎರಡು ತುಂಡು ಜೋಡಿಸುವಾಗ ಎಡತುಂಡಿನ ಕೊನೆಗೆ ಬಲತುಂಡಿನ ಆರಂಭ ಕೂಡಿಸಿ, ಎರಡರ ಅತಿ ಉದ್ದಗಳ ಜೊತೆ ಹೋಲಿಸಿ ದೊಡ್ಡದನ್ನು ಇಟ್ಟುಕೊಳ್ಳಿ. ಎಡತುಂಡು ಪೂರ್ತಿ ಒಣಗಿದ್ದರೆ ಅದರ ಆರಂಭ ಬಲತುಂಡಿನೊಳಕ್ಕೂ ಚಾಚುತ್ತದೆ. ಬಲತುಂಡು ಪೂರ್ತಿ ಒಣಗಿದ್ದರೆ ಅದರ ಕೊನೆ ಎಡಕ್ಕೆ ಚಾಚುತ್ತದೆ. ಈ ಫಂಕ್ಷನ್ನನ್ನೂ ಆರಂಭ ಮೌಲ್ಯವಾಗಿ ನಾಲ್ಕು ಸೊನ್ನೆಗಳನ್ನೂ ರೆಡ್ಯೂಸ್‌ಗೆ (ಇಡೀ ಅರೇಯನ್ನು ಜೋಡಿಸುತ್ತಾ ಒಂದೇ ಉತ್ತರಕ್ಕೆ ಇಳಿಸುವ ಆಜ್ಞೆ) ಕೊಟ್ಟರೆ ಸಾಕು, ಹಂಚಿಕೆಯೆಲ್ಲ ಕಂಪೈಲರ್ ನೋಡಿಕೊಳ್ಳುತ್ತದೆ. ಈ ಭಾಷೆಯ ಸೊಗಸು ಇದೇ.

ಅಪಾಯವೂ ಇಲ್ಲೇ. ಜೋಡಿಸುವ ಫಂಕ್ಷನ್ ಸಾಹಚರ್ಯ ನಿಯಮ (ತುಂಡುಗಳನ್ನು ಹೇಗೆ ಗುಂಪು ಮಾಡಿ ಜೋಡಿಸಿದರೂ ಉತ್ತರ ಒಂದೇ) ಪಾಲಿಸುತ್ತದೆಯೇ ಎಂದು ಕಂಪೈಲರ್ ಪರೀಕ್ಷಿಸುವುದಿಲ್ಲ. ತಪ್ಪಿದ್ದರೆ, ಒಂದೊಂದಾಗಿ ಲೆಕ್ಕ ಹಾಕುವ ಸಿ ಬ್ಯಾಕೆಂಡ್ (ಕಂಪೈಲ್ ಆಗುವ ಗುರಿ)‌ನಲ್ಲಿ ಉತ್ತರ ಸರಿ ಬಂದು, ಜಿಪಿಯುನಲ್ಲಿ ತಪ್ಪು ಬರಬಹುದು. ಎಡ-ಬಲ ಅದಲುಬದಲಾಗಬಾರದ ಈ ಲೆಕ್ಕಕ್ಕೆ 'ರೆಡ್ಯೂಸ್_ಕಾಮ್' (ಎಡ-ಬಲ ಬದಲಾದರೂ ಸರಿ ಎಂದುಕೊಳ್ಳುವ ರೆಡ್ಯೂಸ್) ಬಳಸಲೇಬೇಡಿ. ಪರೀಕ್ಷೆಗೆಂದೇ ಇರುವ ಸಾಧನ ಫುತಾರ್ಕ್ ಟೆಸ್ಟ್‌ನಲ್ಲಿ ಹತ್ತು ದಿನಗಳ ಚಿಕ್ಕ ಉದಾಹರಣೆ ಇಟ್ಟು, ಎರಡೂ ಬ್ಯಾಕೆಂಡ್‌ನಲ್ಲಿ ಓಡಿಸಿ.

ಒಂದು ತೋಟದ 30 ವರ್ಷ ಎಂದರೆ ಸುಮಾರು 11,000 ಸಂಖ್ಯೆ. ಇದಕ್ಕೆ ಜಿಪಿಯು ದಂಡ. ಲೆಕ್ಕಕ್ಕಿಂತ ಅದರ ತಯಾರಿಗೇ ಹೆಚ್ಚು ಹೊತ್ತು ಹಿಡಿಯುತ್ತದೆ. ಅದೇ ದತ್ತಾಂಶವನ್ನು 10,000 ಸಲ ಮರುಮಾದರಿ ಮಾಡಿದರೆ (ಇರುವ ದಿನಗಳಿಂದಲೇ ಯಾದೃಚ್ಛಿಕವಾಗಿ ಆರಿಸಿ ಹೊಸ ಪಟ್ಟಿ ಕಟ್ಟಿದರೆ) 11 ಕೋಟಿ ಸಂಖ್ಯೆಗಳಾಗುತ್ತವೆ, ಆಗ ಜಿಪಿಯು ಹಾಕಿದ್ದು ಸಾರ್ಥಕ. ದಶಾಂಶ ಸಂಖ್ಯೆಗೆ ಪ್ರಕಾರ ಬರೆಯದೆ ಬಿಟ್ಟರೆ 64 ಬಿಟ್ ಆಗುತ್ತದೆ, ಸಾಮಾನ್ಯ ಗ್ರಾಫಿಕ್ಸ್ ಕಾರ್ಡ್ ಅದರಲ್ಲಿ ಬಹಳ ನಿಧಾನ. 32 ಬಿಟ್ ಸಾಕಾಗುವಲ್ಲಿ ಎಫ್32 ಎಂದು ಬರೆಯಿರಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಿದ್ದರೆ ಫುತಾರ್ಕ್ ಬೆಂಚ್ (ವೇಗ ಅಳೆಯುವ ಸಾಧನ) ತೋರಿಸುವ ವೇಗ ನಂಬಬೇಡಿ, ಚಾರ್ಜರ್ ಚುಚ್ಚಿದ ಮೇಲೆ ಮತ್ತೊಮ್ಮೆ ಅಳೆಯಿರಿ.